ಹಿನ್ನೀರಿನ ದಿಬ್ಬದ ಮೇಲೆ ಎರಡು ನಾಯಿ, ಒಂದು ಕ್ಯಾಮೆರಾ: ಒಂದು ಪ್ರಕರಣ ಅಧ್ಯಯನ

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಮೈಸೂರಿನ ನನ್ನ ಪಶು ಚಿಕಿತ್ಸಾಲಯಕ್ಕೆ ಒಂದೇ ಕಾರಿನಲ್ಲಿ ಎರಡು ನಾಯಿಗಳು ಬಂದವು. ಒಂದು ಮೂರು ವರ್ಷದ ಗಂಡು ಮುಧೋಳ, ಹೆಸರು ಟೈಗರ್. ಹಿಂಗಾಲಿಗೆ ಸುತ್ತಿಕೊಂಡ ನೈಲಾನ್ ದಾರ ಚರ್ಮ ಸೀಳಿ ಮಾಂಸಕ್ಕೆ ಇಳಿದಿತ್ತು. ಇನ್ನೊಂದು ಏಳು ವರ್ಷದ ಹೆಣ್ಣು ಲ್ಯಾಬ್ರಡಾರ್, ಸೋನಿ. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ಬಂದವರು ಟೈಗರ್‌ನನ್ನು ಎತ್ತಿಕೊಂಡು ಒಳಗೆ ಓಡಿದರು. ಸೋನಿ ಹಿಂದಿನ ಸೀಟಿನಲ್ಲಿಯೇ ಉಳಿಯಿತು. ನಾನು ಮೊದಲು ಮೇಜಿನ ಮೇಲೆ ಮಲಗಿಸಿಕೊಂಡದ್ದು ಸೋನಿಯನ್ನು. ವಸಡು ಇಟ್ಟಿಗೆಗೆಂಪಾಗಿತ್ತು, ಜೊಲ್ಲು ಗಟ್ಟಿಯಾಗಿ ಅಂಟುತ್ತಿತ್ತು, ನಿಲ್ಲಿಸಿದರೆ ಹಿಂಗಾಲು ಕುಸಿಯುತ್ತಿತ್ತು. ಥರ್ಮಾಮೀಟರ್ 41.2 ಡಿಗ್ರಿ ಸೆಲ್ಸಿಯಸ್ ತೋರಿಸಿತು. ನಾಯಿಯ ಸಹಜ ಉಷ್ಣತೆ 38ರಿಂದ 39ರ ಆಸುಪಾಸು. 41 ದಾಟಿ ಹೆಚ್ಚು ಹೊತ್ತು ನಿಂತರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಕಾಲು ಸೀಳಿದ ನಾಯಿ ಹೇಗೂ ಬದುಕುತ್ತಿತ್ತು. ಸಾಯುವ ಹಾದಿಯಲ್ಲಿದ್ದದ್ದು ಏನೂ ಮಾಡದೆ ಸುಮ್ಮನೆ ಕಟ್ಟಿಸಿಕೊಂಡಿದ್ದ ನಾಯಿ. ಈ ಪ್ರಕರಣವನ್ನು ವಿವರವಾಗಿ ಬರೆಯಬೇಕು ಎನ್ನಿಸಿದ್ದು ಆ ಕಾರಣಕ್ಕೆ.

ನಾಯಿಗಳ ಮಾಲೀಕರು ಬರೆಯಲು ಒಪ್ಪಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ಅವರು ಬ್ಯಾಂಕ್ ಉದ್ಯೋಗಿ, ರಜಾದಿನಗಳಲ್ಲಿ ಪಕ್ಷಿ ಛಾಯಾಗ್ರಾಹಕರು. ಜೊತೆಗೆ ಹೋಗಿದ್ದವನು ಅವರ ಭಾವಮೈದುನ, ಇಂಜಿನಿಯರಿಂಗ್ ವಿದ್ಯಾರ್ಥಿ. ಮೂರನೆಯವರು ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವ ಒಬ್ಬ ಹಿರಿಯರು. ಮೂವರೂ ನನಗೆ ಮೂರು ಬಗೆಯಾಗಿ ಹೇಳಿದರು. ಹಗ್ಗದ ಕೊಕ್ಕೆ ಮುರಿಯಿತು ಎಂದು ಛಾಯಾಗ್ರಾಹಕರು. ಭಾವ ಹೇಳಿದ್ದಕ್ಕೇ ಹಗ್ಗ ಸಡಿಲ ಬಿಟ್ಟೆ ಎಂದು ಹುಡುಗ. ಇವರಿಬ್ಬರೂ ನಾಯಿಯ ಕಡೆ ನೋಡುತ್ತಲೇ ಇರಲಿಲ್ಲ ಎಂದು ಹಿರಿಯರು. ಕ್ಯಾಮೆರಾ ಪ್ರತಿ ಚಿತ್ರದ ಜೊತೆಗೂ ಗಂಟೆ, ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳುತ್ತದೆ. ಹುಡುಗನ ಮೊಬೈಲ್ ವಿಡಿಯೊದಲ್ಲಿಯೂ ಸಮಯವಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಹಿರಿಯರ ಮಾತೇ ನಿಂತಿತು.

ಜಾಗ

ಹೋಗಿದ್ದದ್ದು ಕೃಷ್ಣರಾಜಸಾಗರದ ಹಿನ್ನೀರಿಗೆ. ಯಾವ ಊರಿನ ಬದಿ ಎಂದು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಅಲ್ಲಿ ಹತ್ತು ಕಾರು ನಿಂತಿರುತ್ತವೆ. ಅವರ ಮನಸ್ಸಿನಲ್ಲಿ ಮೊದಲು ಇದ್ದದ್ದು ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದ ಆ ಜಾಗಕ್ಕೆ ನಾಯಿಗಳನ್ನು ಕರೆದೊಯ್ಯುವಂತಿಲ್ಲ. ಮನೆಯವರು ಊರಿನಲ್ಲಿ ಇರಲಿಲ್ಲ, ನಾಯಿಗಳನ್ನು ನೋಡಿಕೊಳ್ಳುವವರಿಲ್ಲ. ಹಿನ್ನೀರಾದರೆ ಗೇಟಿಲ್ಲ, ಟಿಕೆಟ್ ಇಲ್ಲ, ಕೇಳುವವರಿಲ್ಲ. ನಾಯಿಗೂ ಓಡಾಟವಾಯಿತು, ತಮಗೂ ಚಿತ್ರವಾಯಿತು ಎಂದು ಲೆಕ್ಕ ಹಾಕಿದರು.

ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಬೇಸಿಗೆಯಲ್ಲಿ ನೀರು ಇಳಿಯುತ್ತ ಹೋದಂತೆ ಹಿನ್ನೀರಿನ ನಡುವೆ ಮರಳು, ಹೂಳಿನ ದಿಬ್ಬಗಳು ಏಳುತ್ತವೆ. ಮೊದಲು ಅವು ನಡುಗಡ್ಡೆಗಳು. ಸುತ್ತ ನೀರಿರುವುದರಿಂದ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು ಅದನ್ನೇ ಆರಿಸಿಕೊಳ್ಳುತ್ತವೆ: ನದಿ ರೀವ, ಪ್ರಾಟಿನ್‌ಕೋಲ್ ಎಂಬ ಸಣ್ಣ ಹಕ್ಕಿ, ಅಂಚಿನಲ್ಲಿ ಟಿಟ್ಟಿಭ. ನದಿ ರೀವ ಎಂದರೆ ಅಚ್ಚ ಹಳದಿ ಕೊಕ್ಕು, ಕರಿ ಟೊಪ್ಪಿಗೆ, ಕವಲು ಬಾಲದ ಹಕ್ಕಿ. ಮರಳಿನಲ್ಲಿ ಎದೆ ಒತ್ತಿ ಸಣ್ಣ ಗುಳಿ ಮಾಡಿ, ಮೂರು ಮೊಟ್ಟೆ ಇಟ್ಟು ಕೂರುತ್ತದೆ. ಕಡ್ಡಿ ಇಲ್ಲ, ಹುಲ್ಲಿಲ್ಲ. ಬೂದು ಹಸಿರಿನ ಮೇಲೆ ಕಂದು ಚುಕ್ಕೆಯ ಆ ಮೊಟ್ಟೆ ಎರಡು ಹೆಜ್ಜೆ ಆಚೆಯಿಂದ ಕಲ್ಲೇ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಇವು ದೊಡ್ಡ ಗುಂಪಾಗಿ ಮರಿ ಮಾಡುವುದನ್ನು ಲಕ್ಕವಳ್ಳಿಯ ಕಡೆ ಹೋದವರು ನೋಡಿರುತ್ತಾರೆ. ಕೃಷ್ಣರಾಜಸಾಗರದ ತೊಡಕೆಂದರೆ ನೀರು ಮತ್ತಷ್ಟು ಇಳಿದಾಗ ನಡುಗಡ್ಡೆಯ ಒಂದು ಮಗ್ಗುಲು ದಡಕ್ಕೆ ಕೂಡಿಕೊಳ್ಳುತ್ತದೆ. ಮೊಟ್ಟೆ ಇಟ್ಟಾಗ ದ್ವೀಪವಾಗಿದ್ದದ್ದು ಮರಿ ಬರುವ ಹೊತ್ತಿಗೆ ಆಡು, ದನ, ನಾಯಿ, ಕಾರು ಎಲ್ಲವೂ ಬರಬಹುದಾದ ಬಯಲು. ಆ ಭಾನುವಾರದ ದಿಬ್ಬ ಅಂಥದ್ದು.

ಬೆಳಿಗ್ಗೆ 7:38

ಆರೂವರೆಗೆ ಮುಂಚೆಯೇ ತಲುಪಿದ್ದಾರೆ. ಸೋನಿಗೆ ವಯಸ್ಸಾಗಿದೆ, ತೂಕವೂ ಹೆಚ್ಚು. ಅದು ಎಲ್ಲಿಗೂ ಹೋಗುವುದಿಲ್ಲವೆಂದು ಕಾರಿನ ಹಿಂದಿನ ಬಂಪರಿಗೆ ಕಟ್ಟಿದ್ದಾರೆ. ಆಗ ಅಲ್ಲಿ ಕಾರಿನದೇ ನೆರಳಿತ್ತು. ಟೈಗರ್‌ನ ಹಗ್ಗ ಹುಡುಗನ ಕೈಯಲ್ಲಿ. ಛಾಯಾಗ್ರಾಹಕರು ದಿಬ್ಬದಿಂದ ದೂರದಲ್ಲಿಯೇ ಟ್ರೈಪಾಡ್ ಊರಿ 500 ಮಿಲಿಮೀಟರ್ ಲೆನ್ಸ್ ಹಾಕಿ ಮಂಡಿಯೂರಿದ್ದಾರೆ. ಈ ಅಂತರದ ವಿಷಯದಲ್ಲಿ ಅವರನ್ನು ದೂರುವಂತಿಲ್ಲ, ಹಕ್ಕಿಗಳು ಕದಲಿರಲಿಲ್ಲ. 7:36ರ ಚಿತ್ರವೊಂದರಲ್ಲಿ ಗಂಡು ರೀವವೊಂದು ಬೆಳ್ಳಗಿನ ಸಣ್ಣ ಮೀನನ್ನು ಕೊಕ್ಕಿನಲ್ಲಿ ಹಿಡಿದು ಹೆಣ್ಣಿನ ಮುಂದೆ ತಲೆ ಬಗ್ಗಿಸಿ ನಿಂತಿದೆ. ಹಿಂದೆ ಇಡೀ ಗುಂಪು ಕೂತೇ ಇದೆ.

ಹುಡುಗನ ಮೊಬೈಲ್‌ನಲ್ಲಿ ಅದೇ ಹೊತ್ತಿನ ವಿಡಿಯೊ ಇದೆ. ಸೂರ್ಯ, ನೀರು, ಭಾವನ ಬೆನ್ನು, ಕೊನೆಗೆ ತನ್ನದೇ ಮುಖ. ಅದರಲ್ಲಿ ಅವನ ಮಾತು ಕೇಳಿಸುತ್ತದೆ: "ಭಾವ, ಇವನು ಎಳೆಯುತ್ತಿದ್ದಾನೆ, ಸ್ವಲ್ಪ ಬಿಡಲೇ?" ಉತ್ತರವಾಗಿ ಬರುವುದು "ಹೂಂ" ಮಾತ್ರ. ಅನುಮತಿ ಎಂದು ಹುಡುಗ ತಿಳಿದ. ಏನು ಕೇಳಿದ ಎಂಬುದೇ ನೆನಪಿಲ್ಲ ಎಂದು ಭಾವ ಹೇಳುತ್ತಾರೆ. ಇಬ್ಬರನ್ನೂ ನಂಬುತ್ತೇನೆ. 500 ಮಿಲಿಮೀಟರ್ ಲೆನ್ಸಿನಲ್ಲಿ ಕಣ್ಣಿಟ್ಟವರಿಗೆ ಕಾಣುವ ಜಗತ್ತು ಐದು ಡಿಗ್ರಿಯೊಳಗಿನದು. ಅದರಾಚೆಗಿನ ಮಾತಿಗೆ ಎಲ್ಲರೂ ಹೂಂ ಎನ್ನುತ್ತಾರೆ.

ಹಗ್ಗದ ಬಗ್ಗೆ ಸ್ವಲ್ಪ ಹೇಳಬೇಕು. ಅದು ಗುಂಡಿ ಒತ್ತಿದರೆ ಉದ್ದವಾಗುವ, ಬಿಟ್ಟರೆ ಸುರುಳಿ ಸುತ್ತಿಕೊಳ್ಳುವ, ಪ್ಲಾಸ್ಟಿಕ್ ಹಿಡಿಯ ಹಗ್ಗ. ಬಡಾವಣೆಯ ರಸ್ತೆಯಲ್ಲಿ ಸಣ್ಣ ನಾಯಿಯನ್ನು ತಿರುಗಾಡಿಸಲು ಆದೀತು. ಮುಧೋಳಕ್ಕೆ ಅದನ್ನು ಕಟ್ಟುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಈ ತಳಿ ಮೊಲದ ಬೇಟೆಗೆ ಬೆಳೆಸಿದ್ದು. ವಾಸನೆಗಿಂತ ಕಣ್ಣನ್ನು ನಂಬಿ ಓಡುವಂಥದ್ದು. ಕಣ್ಣಿಗೆ ಏನಾದರೂ ಓಡುತ್ತಿರುವುದು ಬಿದ್ದರೆ ಕೆಲವೇ ನೆಗೆತದಲ್ಲಿ ಪೂರ್ಣ ವೇಗ. ಆ ಮೇಲೆ ಹೆಸರು ಹಿಡಿದು ಕೂಗುವುದು ನಮ್ಮ ಸಮಾಧಾನಕ್ಕೆ ಮಾತ್ರ. ಕುತ್ತಿಗೆ ತಲೆಗಿಂತ ದಪ್ಪವಿರುವುದರಿಂದ ಸಾಮಾನ್ಯ ಕೊರಳಪಟ್ಟಿಯೂ ಕಳಚಿಕೊಳ್ಳುತ್ತದೆ. ಅಂದು ಪಟ್ಟಿ ಕಳಚಲಿಲ್ಲ, ಕೊಕ್ಕೆಯೂ ಮುರಿಯಲಿಲ್ಲ. ಚಿಕಿತ್ಸಾಲಯಕ್ಕೆ ಬಂದಾಗ ಅದು ಪಟ್ಟಿಯಲ್ಲಿ ಸರಿಯಾಗಿಯೇ ಇತ್ತು, ನಾನೇ ಬಿಚ್ಚಿದೆ. ದಿಬ್ಬದ ಅಂಚಿನಿಂದ ಟಿಟ್ಟಿಭವೊಂದು ಕಿರುಚುತ್ತ ಎದ್ದು ರೆಕ್ಕೆ ಎಳೆದುಕೊಂಡು ನೆಲದ ಮೇಲೆ ಓಡಿದೆ. ಗೂಡಿನಿಂದ ಶತ್ರುವನ್ನು ಆಚೆ ಸೆಳೆಯಲು ಅದು ಮಾಡುವ ನಾಟಕ. ಮುಧೋಳದ ಕಣ್ಣಿಗೆ ಇದಕ್ಕಿಂತ ಚೆಂದದ ಕರೆಯೋಲೆ ಇಲ್ಲ. ಹಗ್ಗ ಪೂರ್ತಿ ಬಿಚ್ಚಿಕೊಂಡು ಕೊನೆಯ ಜಗ್ಗಿಗೆ ಹಿಡಿ ಕೈಯಿಂದ ಹಾರಿತು. ಸುರುಳಿ ಸುತ್ತಿಕೊಳ್ಳುವ ಸ್ಪ್ರಿಂಗ್‌ನಿಂದಾಗಿ ಆ ಪ್ಲಾಸ್ಟಿಕ್ ಹಿಡಿ ನೆಲಕ್ಕೆ ಬಡಿಯುತ್ತ ನಾಯಿಯ ಬೆನ್ನಟ್ಟಿತು. ಮೊದಲ ಕ್ಷಣ ಟೈಗರ್ ಹಕ್ಕಿಯನ್ನು ಅಟ್ಟುತ್ತಿತ್ತು. ಎರಡನೆಯ ಕ್ಷಣದಿಂದ ತನ್ನ ಹಿಂದೆ ಬರುತ್ತಿದ್ದ ಸದ್ದಿಗೆ ಹೆದರಿ ಓಡುತ್ತಿತ್ತು. ಓಡಿದ್ದು ದಿಬ್ಬದ ನಟ್ಟನಡುವೆ.

7:38ರಿಂದ 7:41ರವರೆಗೆ ಛಾಯಾಗ್ರಾಹಕರು ಶಟರ್ ಬಿಟ್ಟಿಲ್ಲ. ಹಕ್ಕಿಗಳು ಇದ್ದಕ್ಕಿದ್ದಂತೆ ಎದ್ದು ತಲೆಯ ಮಟ್ಟದಲ್ಲಿ ಎರಗತೊಡಗಿದವು, ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂದುಕೊಂಡರಂತೆ. ಅಂದಿನ ಅತ್ಯುತ್ತಮ ಚಿತ್ರಗಳೆಲ್ಲ ಆ ಮೂರು ನಿಮಿಷದವು. ಒಂದರಲ್ಲಿ ರೀವ ರೆಕ್ಕೆ ಮಡಚಿ, ಕೊಕ್ಕು ತೆರೆದು, ನೇರ ಕೆಳಕ್ಕೆ ಎರಗುತ್ತಿದೆ. ಕಣ್ಣಿನೊಳಗಿನ ಬೆಳಕಿನ ಚುಕ್ಕೆಯೂ ಸ್ಪಷ್ಟ. ಕೆಳಗಿನ ಎಡಮೂಲೆಯಲ್ಲಿ ಫೋಕಸ್ ತಪ್ಪಿದ ಒಂದು ಕಂದು ಗೀಟಿದೆ. ದೊಡ್ಡದು ಮಾಡಿ ತೋರಿಸುವವರೆಗೂ ಅದು ತಮ್ಮ ನಾಯಿಯ ಬೆನ್ನು ಎಂದು ಅವರಿಗೆ ಹೊಳೆದಿರಲಿಲ್ಲ.

ಬಲೆ, ಹೂಳು, ಕಡಿತ

ದಿಬ್ಬದ ಆಚೆ ಮಗ್ಗುಲಿನಲ್ಲಿ ಗೂಟ ನೆಟ್ಟು ಬಲೆ ಕಟ್ಟಿತ್ತು. ಟೈಗರ್ ಆಳವಿಲ್ಲದ ನೀರಿಗೆ ಬಿದ್ದು, ಹಗ್ಗ ಗೂಟಕ್ಕೆ ಸುತ್ತಿ, ಕಾಲು ಬಲೆಗೆ ಸಿಕ್ಕಿತು. ಹಿನ್ನೀರಿನ ದಡದ ಹೂಳು ಮೇಲ್ನೋಟಕ್ಕೆ ಬಿರುಕು ಬಿಟ್ಟ ಒಣನೆಲ, ಒಳಗೆ ಹಸಿ. ಬಿಡಿಸಲು ಓಡಿದ ಹುಡುಗ ತೊಡೆಯವರೆಗೆ ಹೂತುಕೊಂಡ. ಭಾವ ಅವನನ್ನು ಎಳೆಯಲು ಹೋಗಿ ಒಂದು ಶೂ ಕಳೆದುಕೊಂಡರು. ಇಬ್ಬರೂ ಕಿರುಚಾಡುತ್ತ, ಟ್ರೈಪಾಡಿನ ಕಾಲು ತರಲು, ನೀರಿನ ಬಾಟಲಿ ತರಲು ದಿಬ್ಬದ ಮೇಲೇ ಹಿಂದೆ ಮುಂದೆ ಓಡಾಡಿದ್ದಾರೆ. ಇಲ್ಲಿಗೆ ಅರ್ಧ ಗಂಟೆ.

ಹಿರಿಯರು ತೆಪ್ಪದಲ್ಲಿ ಬಂದವರು ಮೊದಲು ಹೇಳಿದ್ದು ನಾಯಿಯ ಬಗ್ಗೆ ಅಲ್ಲ. "ಸ್ವಾಮಿ, ನೀವು ಮೊದಲು ಆ ದಿಬ್ಬ ಇಳಿಯಿರಿ. ಹಕ್ಕಿ ಕೂರಲು ಜಾಗ ಬಿಡಿ. ನಾಯಿಯನ್ನು ನಾನು ಈ ಕಡೆಯಿಂದ ತೆಗೆಯುತ್ತೇನೆ." ತಮ್ಮ ಬಲೆಯನ್ನು ತಾವೇ ಕುಡುಗೋಲಿನಿಂದ ಕತ್ತರಿಸಿ, ಟೈಗರ್‌ನನ್ನು ತೆಪ್ಪಕ್ಕೆ ಎಳೆದುಕೊಂಡು, ದಿಬ್ಬದಿಂದ ದೂರದ ದಡಕ್ಕೆ ಹುಟ್ಟು ಹಾಕಿದರು.

ನೆಲದ ಮೇಲೆ ಗೂಡು ಮಾಡುವ ಹಕ್ಕಿಯ ಪಾಲಿಗೆ ಏಪ್ರಿಲ್‌ನಲ್ಲಿ ಮೊಟ್ಟೆಯ ಮೇಲೆ ಕೂರುವುದು ಶಾಖ ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡುವ ಕೆಲಸ. ಹೊತ್ತು ಏರಿದಂತೆ ಮರಳು ಗಾಳಿಗಿಂತ ಬೇಗ ಕಾಯುತ್ತದೆ. ಟಿಟ್ಟಿಭದಂಥ ಹಕ್ಕಿಗಳು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದೂ ಉಂಟು. ತಾಯಿ ಆಕಾಶದಲ್ಲಿದ್ದಷ್ಟು ಹೊತ್ತು ಮೊಟ್ಟೆ ಬಿಸಿಲಿನಲ್ಲಿ. ಕಾಗೆ, ಹದ್ದುಗಳಿಗೆ ಇದು ತಿಳಿಯದ ಸಂಗತಿಯಲ್ಲ. ಹಕ್ಕಿಗಳು ಒಟ್ಟಿಗೆ ಎದ್ದದ್ದನ್ನು ಕಂಡೇ ಅವು ಬರುತ್ತವೆ. ನಾಯಿ ದಿಬ್ಬದ ಮೇಲೆ ಇದ್ದದ್ದು ಒಂದೆರಡು ನಿಮಿಷ. ಹಕ್ಕಿಗಳನ್ನು ಗಂಟೆಗೂ ಮೀರಿ ಆಕಾಶದಲ್ಲಿ ನಿಲ್ಲಿಸಿದ್ದು ಮನುಷ್ಯರ ರಕ್ಷಣಾ ಕಾರ್ಯ. ಹಿರಿಯರು ಮಾರನೆಯ ದಿನ ತೆಪ್ಪದಿಂದಲೇ ನೋಡಿದಾಗ ಅಂಚಿನಲ್ಲಿ ಒಂದು ಗೂಡು ನೆಲಕ್ಕೆ ಒತ್ತಿ ಹೋಗಿತ್ತಂತೆ. ಪಕ್ಕದಲ್ಲಿ ಇದ್ದದ್ದು ಶೂ ಗುರುತು.

ಕಡಿತ ಆದದ್ದು ದಡಕ್ಕೆ ಬಂದ ಮೇಲೆ. ಕಾಲಿಗೆ ಬಿಗಿದ ದಾರ ಬಿಡಿಸಲು ಹುಡುಗ ಕೈ ಹಾಕಿದಾಗ ಟೈಗರ್ ಅವನ ಬಲ ಮುಂಗೈಗೆ ಬಾಯಿ ಹಾಕಿತು. ನೋವಿನಲ್ಲಿರುವ ನಾಯಿಗೆ ಮಾಲೀಕ, ಪರಕೀಯ ಎಂಬ ಭೇದವಿಲ್ಲ. ಒಂದು ಟವೆಲ್ ಮೂತಿಗೆ ಸುತ್ತಿದ್ದರೆ ಆಗುತ್ತಿತ್ತು. "ನಮ್ಮ ನಾಯಿ ತಾನೇ" ಎಂದು ಕರವಸ್ತ್ರ ಬಿಗಿದು ಸುಮ್ಮನಾಗುವವರಿದ್ದರು. ಹಿರಿಯರು ತೆಪ್ಪದಲ್ಲಿದ್ದ ಬಟ್ಟೆ ಸೋಪು ಕೊಟ್ಟು, ಹರಿಯುವಂತೆ ನೀರು ಹೊಯ್ದು ತೊಳೆಯಿಸಿದರು. ಸೋಪು, ನೀರು, ಹದಿನೈದು ನಿಮಿಷ: ರೇಬಿಸ್ ತಡೆಯ ಮೊದಲ ಮದ್ದು ಇದೇ. ಅರಿಶಿನ, ಸುಣ್ಣ, ಕಾಫಿ ಪುಡಿ ಯಾವುದೂ ಅಲ್ಲ.

ನನ್ನ ದಾಖಲೆ ತೆಗೆದು ನೋಡಿದರೆ ಟೈಗರ್‌ನ ರೇಬಿಸ್ ಬೂಸ್ಟರ್ ಐದು ತಿಂಗಳ ಹಿಂದೆಯೇ ಆಗಬೇಕಿತ್ತು. ಚರ್ಮ ಸೀಳಿ ರಕ್ತ ಬಂದ ಕಡಿತ ಮೂರನೆಯ, ಅಂದರೆ ಅತ್ಯಂತ ಗಂಭೀರ ವರ್ಗದ್ದು. ಹುಡುಗನನ್ನು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದೆ. ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೊಟ್ಟು, ಚರ್ಮದೊಳಗಿನ ಲಸಿಕೆಯನ್ನು 0, 3, 7, 28ನೇ ದಿನಗಳಿಗೆ ಬರೆದುಕೊಟ್ಟರು. ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿದೆವು. ಆರೋಗ್ಯವಾಗಿತ್ತು, ಕಾಲಿನ ಹೊಲಿಗೆಯೂ ಕೂಡಿಕೊಂಡಿತು. ಬೂಸ್ಟರ್ ತಪ್ಪಿದ ನಾಯಿಯನ್ನು ವನ್ಯಜೀವಿ ಇರುವಲ್ಲಿಗೆ ಕರೆದೊಯ್ಯುವುದರಲ್ಲಿ ಇನ್ನೊಂದು ಕಡೆಯ ಅಪಾಯವೂ ಇದೆ. ಡಿಸ್ಟೆಂಪರ್ ನಾಯಿಗಳಿಂದ ನರಿ, ತೋಳಗಳಿಗೂ ದಾಟಬಲ್ಲ ರೋಗ. 2018ರಲ್ಲಿ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅಲ್ಲಿ ಪತ್ತೆಯಾದ ವೈರಾಣುಗಳಲ್ಲಿ ಅದೂ ಒಂದು.

ಬಂಪರಿಗೆ ಕಟ್ಟಿದ ನಾಯಿ

ಈ ಗಲಾಟೆಯಲ್ಲಿ ಸೋನಿಯ ನೆನಪು ಯಾರಿಗೂ ಬರಲಿಲ್ಲ. ಹೊತ್ತು ಏರಿದಂತೆ ಕಾರಿನ ನೆರಳು ಕುಗ್ಗುತ್ತ ಹೋಗಿ ಸೋನಿ ಬಿಸಿಲಿಗೆ ಬಿತ್ತು. ನೀರಿನ ಬಟ್ಟಲು ಡಿಕ್ಕಿಯೊಳಗೆ. ಯಜಮಾನ ಕಿರುಚುವುದು ಕೇಳಿಸುತ್ತಿದ್ದರಿಂದ ಅದು ಸುಮ್ಮನೆ ಮಲಗಿರಲಾರದು. ಬಂಪರಿನ ಸುತ್ತ ನೆಲವೆಲ್ಲ ಕೆದರಿತ್ತು ಎಂದು ಹುಡುಗ ಹೇಳಿದ. ದಪ್ಪ ತುಪ್ಪಳ, ಹೆಚ್ಚು ತೂಕ, ಗಾಬರಿ, ಬಿಸಿಲು. ನಾಯಿ ಮೈಯೆಲ್ಲ ಬೆವರುವ ಪ್ರಾಣಿಯಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ಒಂಬತ್ತೂವರೆಗೆ ಬಿಚ್ಚಿದಾಗ "ಸುಸ್ತಾಗಿದೆ ಪಾಪ" ಎಂದು ಕಾರಿಗೆ ಎತ್ತಿ ಹಾಕಿದ್ದಾರೆ. ಅಲ್ಲಿಯೇ ಹಿನ್ನೀರಿನಿಂದ ಮೈ ಒದ್ದೆ ಮಾಡಿ, ಕಿಟಕಿ ತೆರೆದು ಗಾಳಿಗೆ ಒಡ್ಡಿಕೊಂಡು ಬಂದಿದ್ದರೆ ನನ್ನ ಅರ್ಧ ಕೆಲಸ ದಾರಿಯಲ್ಲೇ ಮುಗಿಯುತ್ತಿತ್ತು. ಮಂಜುಗಡ್ಡೆ ಬೇಡ, ತಣ್ಣೀರು ಮತ್ತು ಗಾಳಿ ಸಾಕು. ಎರಡು ದಿನ ಡ್ರಿಪ್ ಹಾಕಿದೆ. ಬದುಕಿತು, ಮೂತ್ರಪಿಂಡದ ರಕ್ತಪರೀಕ್ಷೆಯನ್ನು ಇನ್ನೂ ಆಗಾಗ ಮಾಡಿಸಬೇಕಾಗಿದೆ.

ಹಗ್ಗ ಸರಿ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ಛಾಯಾಗ್ರಾಹಕರ ವಾದ. ನಾನು ಒಪ್ಪುವುದಿಲ್ಲ. ಟೈಗರ್‌ನದು ಸಡಿಲ ಹಗ್ಗ, ಸೋನಿಯದು ಗಟ್ಟಿ ಹಗ್ಗ. ಗಟ್ಟಿ ಹಗ್ಗದ ನಾಯಿಯೇ ಸಾವಿನ ಅಂಚಿಗೆ ಹೋಗಿದ್ದು. ಕ್ಯಾಮೆರಾ ಎರಡು ಕೈ, ಒಂದು ಕಣ್ಣು, ಪೂರ್ತಿ ಮನಸ್ಸು ಕೇಳುತ್ತದೆ. ನಾಯಿಯೂ ಅಷ್ಟನ್ನೇ ಕೇಳುತ್ತದೆ. ಅಂದು ಇಬ್ಬರು ಹೋಗಿದ್ದರು, ಇಬ್ಬರ ಕೈಯಲ್ಲಿಯೂ ಒಂದೊಂದು ಕ್ಯಾಮೆರಾ ಇತ್ತು. ನಾಯಿಗಳಿಗೆಂದು ಬಂದವರು ಯಾರೂ ಇರಲಿಲ್ಲ. ಕೆಟ್ಟದ್ದು 7:38ಕ್ಕಲ್ಲ, ಹಿಂದಿನ ರಾತ್ರಿ ಯಾರು ಏನು ಮಾಡುವುದು ಎಂದು ಮಾತಾಡದೆ ಮಲಗಿದಾಗ.

ಗಟ್ಟಿಯಾಗಿ ಹಿಡಿದ ನಾಯಿಯಿಂದ ಹಕ್ಕಿಗೆ ತೊಂದರೆಯಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಸಿಡ್ನಿ ಸುತ್ತಲಿನ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಯಿಗಳೆಲ್ಲ ಹಗ್ಗದಲ್ಲೇ ಇದ್ದವು. ಆದರೂ ನಾಯಿ ನಡೆದ ದಾರಿಯಲ್ಲಿ ಕಂಡ ಹಕ್ಕಿಗಳ ಬಗೆ ಶೇಕಡಾ 35ರಷ್ಟು, ಸಂಖ್ಯೆ ಶೇಕಡಾ 41ರಷ್ಟು ಕಡಿಮೆಯಾಗಿತ್ತು. ಹಕ್ಕಿ ನೋಡುವುದು ನಾಯಿಯನ್ನು, ಹಗ್ಗವನ್ನಲ್ಲ. ಮರಿ ಮಾಡುವ ಕಾಲದಲ್ಲಿ ಇಂಥ ದಿಬ್ಬದ ಹತ್ತಿರಕ್ಕೆ ನಾಯಿಯನ್ನು ಒಯ್ಯಲೇಬಾರದು. ಮಳೆಗಾಲದಲ್ಲಿ ನೀರೇರಿ ದಿಬ್ಬ ಮುಳುಗಿದ ಮೇಲೆ ದಡದಲ್ಲಿ ತಿರುಗಾಡಿಸಿಕೊಳ್ಳಲಿ, ಜೊತೆಗೆ ಅದಕ್ಕೆಂದೇ ಒಬ್ಬರಿರಲಿ, ಹಗ್ಗ ಉದ್ದವಾಗದ್ದಿರಲಿ.

ಕಾನೂನಿನ ಮಾತು ಚಿಕ್ಕದು. ಅದು ಅಭಯಾರಣ್ಯವಲ್ಲ, ಆದ್ದರಿಂದ ನಿಯಮವೂ ಇಲ್ಲ ಎಂದು ಇಬ್ಬರೂ ನಂಬಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬುದಕ್ಕೆ ಕೊಡುವ ವಿವರಣೆಯಲ್ಲಿ ಅಟ್ಟಿಸಿಕೊಂಡು ಹೋಗುವುದೂ ಇದೆ, ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಇದೆ. ಅಭಯಾರಣ್ಯದ ಗಡಿಗೆ ಆ ಮಾತು ನಿಲ್ಲುವುದಿಲ್ಲ. ಉದ್ದೇಶವಿರಲಿಲ್ಲ ಎಂಬುದು ಖಂಡಿತ. ಯಾರೂ ದೂರು ಕೊಡಲಿಲ್ಲ, ನಾನೂ ಕೊಡಲಿಲ್ಲ. ಎರಗುವ ರೀವದ ಆ ಚಿತ್ರವನ್ನು ಸ್ಪರ್ಧೆಗೆ ಕಳುಹಿಸಬಹುದೇ ಎಂದು ಛಾಯಾಗ್ರಾಹಕರು ಕೇಳಿದರು. ಮೂಲೆಯ ಕಂದು ಗೀಟನ್ನು ಕತ್ತರಿಸದೆ ಕಳುಹಿಸಿ ಎಂದೆ. ಕಳುಹಿಸಲಿಲ್ಲ.

ಮುಂದಿನ ಭಾನುವಾರ ಬಲೆಯ ಲೆಕ್ಕ ಮುಗಿಸಲು ಹೋದರು, ನನ್ನನ್ನೂ ಕರೆದರು. ಈ ಸಲ ನಾಯಿಗಳಿರಲಿಲ್ಲ. ಹಿರಿಯರು ಬಲೆಯ ಬೆಲೆಯ ಜೊತೆಗೆ ಆ ದಿನ ತಪ್ಪಿದ ಮೀನಿನ ದುಡ್ಡನ್ನೂ ಕೇಳಿದರು. ಬಲೆಗೆ ಒಪ್ಪಿದ ಛಾಯಾಗ್ರಾಹಕರು ಮೀನಿನ ವಿಷಯಕ್ಕೆ ಚೌಕಾಸಿಗೆ ಇಳಿದರು: ಅಂದು ಬಲೆಗೆ ಮೀನು ಬೀಳುತ್ತಿತ್ತು ಎಂದು ಹೇಗೆ ಹೇಳುತ್ತೀರಿ, ಇತ್ಯಾದಿ. ಹಿರಿಯರು ಜಗಳಕ್ಕೆ ನಿಲ್ಲದೆ ಬೀಡಿ ಹಚ್ಚಿಕೊಂಡು ನೀರಿನ ಕಡೆ ತಿರುಗಿ ಕೂತರು. ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಹುಡುಗ ಎಡಗೈಯಲ್ಲಿ ಮೊಬೈಲ್ ತೆಗೆದು, ಎರಡು ಸಲ ತಪ್ಪು ಒತ್ತಿ, ಕೊನೆಗೆ ಕೇಳಿದಷ್ಟನ್ನೂ ಕಳುಹಿಸಿ, "ಯಜಮಾನರೇ, ಬಂತೇ ನೋಡಿ" ಎಂದ.